ಮಡಿಸುವ ಬಟ್ಟೆ ಅವರ ಕೈಯಲ್ಲೇ ಇರಲಿ

ಮನೆಮನೆಗೆ ಹೋಗಿ ಹಿರಿಯರ ಆರೈಕೆ ಮಾಡುವ ನರ್ಸ್ ನಾನು. ನಾನು ನೋಡುವವರಲ್ಲಿ ಹೆಚ್ಚಿನವರು 85 ದಾಟಿದವರು. ಈ ವಯಸ್ಸಿನಲ್ಲಿ ‘ಮನಸ್ಸಿಗೆ ಬೇಜಾರು’ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಸೊಂಟನೋವು, ಊಟ ಸೇರುವುದಿಲ್ಲ, ನಿದ್ದೆಯಿಲ್ಲ ಎಂದೇ ಶುರುಮಾಡುತ್ತಾರೆ. ‘ವಯಸ್ಸಾಯ್ತಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. ನಾನು ಒಪ್ಪುವುದಿಲ್ಲ. ಮುಪ್ಪು ಬಂದರೆ ಖಿನ್ನತೆಯೂ ಬರಲೇಬೇಕೆಂದೇನಿಲ್ಲ.

ಅನುಮಾನ ಬಂದರೆ ಹಿರಿಯರಿಗೆಂದೇ ಇರುವ 15 ಪ್ರಶ್ನೆಗಳ ಖಿನ್ನತೆ ಮಾಪಕ, ಜಿಡಿಎಸ್, ಬಳಸುತ್ತೇನೆ. ಹೌದು, ಇಲ್ಲ ಅಷ್ಟೇ ಉತ್ತರ; ಅವರಿಗೆ ದಣಿವಾಗದು. ಕೇಳುವಾಗ ಮಗ, ಸೊಸೆಯನ್ನು ನಯವಾಗಿ ಹೊರಗೆ ಕಳಿಸುತ್ತೇನೆ. ಅವರೆದುರು ಎಲ್ಲರೂ ‘ಚೆನ್ನಾಗಿದ್ದೀನಿ’ಯೇ! ಅಂಕ 5 ದಾಟಿದರೆ ವೈದ್ಯರಿಗೆ ತಿಳಿಸುತ್ತೇನೆ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಈಗ ನುಂಗುತ್ತಿರುವ ಮಾತ್ರೆಗಳು, ಇವುಗಳಿಂದಲೂ ಮನಸ್ಸು ಕುಗ್ಗಬಹುದು; ಇವನ್ನೆಲ್ಲ ಅವರು ನೋಡಬೇಕು. ಮರೆವು ಜಾಸ್ತಿಯಿರುವವರ ಉತ್ತರವನ್ನು ಅಷ್ಟಾಗಿ ನಂಬುವಂತಿಲ್ಲ. ‘ಇನ್ನು ಬದುಕಿ ಏನು’ ಎಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳುತ್ತೇನೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಕಿವಿಯನ್ನೂ ನೋಡುತ್ತೇನೆ. ‘ಯಾರ ಜೊತೆಗೂ ಮಾತಾಡಲ್ಲ’ ಎನ್ನಿಸಿಕೊಂಡವರ ಕಿವಿಯಲ್ಲಿ ಗುಗ್ಗೆ ತುಂಬಿರುವುದುಂಟು, ಹಿಯರಿಂಗ್ ಏಡ್‌ನ ಬ್ಯಾಟರಿ ಮುಗಿದಿರುವುದೂ ಉಂಟು.

ಇಷ್ಟಾದರೂ ನನಗೆ ಹೆಚ್ಚು ಕಷ್ಟವಾಗುವುದು ಪ್ರೀತಿ ಮಾಡುವ ಮನೆಗಳಲ್ಲೇ. ತೊಂಬತ್ತರ ಅಜ್ಜಿಯೊಬ್ಬರಿಗೆ ಮಗಳು ಒಂದು ಕಡ್ಡಿ ಎತ್ತಿಡಲೂ ಬಿಡುತ್ತಿರಲಿಲ್ಲ. ‘ನನ್ನಿಂದ ಯಾರಿಗೇನು ಉಪಯೋಗಮ್ಮಾ?’ ಎಂದರು ಅಜ್ಜಿ. ಒಣಗಿದ ಬಟ್ಟೆ ಮಡಿಸುವ ಕೆಲಸ ಅವರಿಗೇ ವಾಪಸ್ ಕೊಡಿ ಎಂದೆ. ಒಂದು ಷರತ್ತು ಹಾಕಿದೆ: ಸೊಟ್ಟಗೆ ಮಡಿಸಿದರೂ ಅವರೆದುರು ಮತ್ತೆ ಮಡಿಸಬಾರದು. ಮಗಳಿಗೆ ಇದೇ ಕಷ್ಟವಾಯಿತು. ಆಮೇಲೆ ಯಾವ ಸೀರೆ, ಸ್ನಾನ ಎಷ್ಟು ಹೊತ್ತಿಗೆ ಎನ್ನುವುದೂ ಅಜ್ಜಿಯ ತೀರ್ಮಾನಕ್ಕೇ ಹೋಯಿತು. ಸೊಂಟನೋವು ಹೋಗಲಿಲ್ಲ, ಆದರೆ ನನ್ನನ್ನು ಕಂಡೊಡನೆ ಅದರ ಮಾತೇ ಮೊದಲು ಬರುವುದು ನಿಂತಿತು.

1976ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಇಂಥದ್ದನ್ನೇ ಪರೀಕ್ಷಿಸಿದ್ದರು. ಸಣ್ಣಪುಟ್ಟ ಆಯ್ಕೆಗಳನ್ನೂ, ನೋಡಿಕೊಳ್ಳಲು ಒಂದು ಗಿಡವನ್ನೂ ಪಡೆದವರು ಹೆಚ್ಚು ಲವಲವಿಕೆಯಿಂದಿದ್ದರು. ಅಧ್ಯಯನ ಚಿಕ್ಕದು, ನನ್ನ ಕೆಲಸದಲ್ಲಿ ಕಂಡದ್ದಕ್ಕಂತೂ ಹೊಂದುತ್ತದೆ.

ಹೊರಡುವಾಗ ಆರೈಕೆ ಮಾಡುವವರನ್ನು ಒಂದು ಮಾತು ಕೇಳುತ್ತೇನೆ: ‘ನೀವು ಮನೆಯಿಂದ ಹೊರಗೆ ಹೋಗಿ ಎಷ್ಟು ದಿನವಾಯಿತು?’ ಉತ್ತರಕ್ಕೆ ತಡವರಿಸಿದರೆ, ಮುಂದಿನ ಸಲ ನಾನಿರುವಷ್ಟು ಹೊತ್ತು ಅವರು ಎಲ್ಲಾದರೂ ಹೋಗಿಬರಲಿ ಎಂದು ಆಗಲೇ ಗೊತ್ತುಮಾಡಿಕೊಳ್ಳುತ್ತೇನೆ.