ಕಲಬುರಗಿಯಲ್ಲಿ ಕೂತು ಯುದ್ಧದ ಹಡಗು ಹುಡುಕಿದ್ದು: ನನ್ನ ಅನುಭವ

ಕಲಬುರಗಿಯಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ನೋಡಬೇಕಂದ್ರೆ ಒಂದು ರಾತ್ರಿ ರೈಲಿನಲ್ಲಿ ಕಳೆಯಬೇಕು. ನಾನು ಮೊದಲ ಸಲ ಯುದ್ಧನೌಕೆಯ ಒಳಗೆ ಕಾಲಿಟ್ಟಿದ್ದು ಕೋನಾರ್ಕ್ ಎಕ್ಸ್‌ಪ್ರೆಸ್ ಹತ್ತಿ ವಿಶಾಖಪಟ್ಟಣಕ್ಕೆ ಹೋದಾಗ. ಅಲ್ಲಿ ಬೀಚ್ ಪಕ್ಕದಲ್ಲೇ ಐಎನ್ಎಸ್ ಕುರ್ಸುರಾ ಸಬ್‌ಮರೀನ್ ನಿಲ್ಲಿಸಿದ್ದಾರೆ, 91 ಮೀಟರ್ ಉದ್ದ. ಬಗ್ಗಿ ಬಗ್ಗಿ ಒಳಗೆಲ್ಲ ನಡೆದು ಹೊರಗೆ ಬಂದ ಮೇಲೆ ಇಂಥದ್ದೊಂದು ನಮ್ಮ ಮನೆಯಲ್ಲೂ ಇರಬೇಕು ಅನ್ನಿಸಿತು. ಊರಿಗೆ ಬಂದ ವಾರದಲ್ಲೇ ಕಿಟ್, ಅಂದ್ರೆ ಅಂಟಿಸಿ ಜೋಡಿಸಿ ಪುಟ್ಟ ಹಡಗು ಮಾಡುವ ಪ್ಲಾಸ್ಟಿಕ್ ಭಾಗಗಳ ಡಬ್ಬಿ, ಹುಡುಕೋಕೆ ಶುರು ಮಾಡಿದೆ.

ಮೊದಲನೆಯದನ್ನು ಡಬ್ಬಿಯ ಮೇಲಿನ ಚಿತ್ರ ನೋಡಿಯೇ ತಗೊಂಡೆ. ಜರ್ಮನಿಯ ಯುದ್ಧನೌಕೆ ಬಿಸ್ಮಾರ್ಕ್, 1/350 ಸ್ಕೇಲ್, ಅಂದ್ರೆ ನಿಜವಾದದ್ದರ 350ರಲ್ಲಿ ಒಂದು ಪಾಲು ಉದ್ದ. ನಿಜವಾದ ಹಡಗು 251 ಮೀಟರ್ ಉದ್ದ ಅಂತ ಗೊತ್ತಿತ್ತು, ಆದರೆ ಅದನ್ನು 350ರಿಂದ ಭಾಗಿಸಿ ನೋಡಲಿಲ್ಲ. ಸುಮಾರು 72 ಸೆಂಟಿಮೀಟರ್ ಆಗುತ್ತದೆ. ನಮ್ಮ ಶೋಕೇಸ್ 60. ಒಡಲಿನ ಎರಡು ಭಾಗ ಜೋಡಿಸಿದ ದಿನವೇ ಅವ್ವ ಬಂದು, "ಇದನ್ನ ಎಲ್ಲಿ ಇಡ್ತೀ?" ಅಂತ ಕೇಳಿದರು. ಉತ್ತರ ಇರಲಿಲ್ಲ. ಆ ಹಡಗು ಈಗಲೂ ಅರ್ಧಕ್ಕೇ ನಿಂತಿದೆ. ಅದಕ್ಕೇ ಈಗ ಯಾರು ಕೇಳಿದರೂ ನಾನು ಮೊದಲು ಹೇಳೋದು ಟೇಪು ಹಿಡಿದು ಕಪಾಟು ಅಳೆಯಿರಿ ಅಂತ.

ಸ್ಕೇಲ್ ಅಂದ್ರೇನು ಅಂತ ನನ್ನ ಅಳಿಯನಿಗೆ ತಿಳಿಸಿದ್ದು ನಮ್ಮ ಕೋಟೆಯಲ್ಲಿ. ಬಾರಾ ಗಝಿ ತೋಪಿನ ಪಕ್ಕ ನಿಲ್ಲಿಸಿ, ಇದು 29 ಅಡಿ ಅಂತಾರೆ, 1/700ರಲ್ಲಿ ಇದನ್ನು ಮಾಡಿದರೆ ನಿನ್ನ ಬೆರಳಿನ ಉಗುರಿನಷ್ಟು ಆಗುತ್ತದೆ ಅಂದೆ. ಜಪಾನಿನ ಯಮಾಟೊ ಹಡಗಿನ ದೊಡ್ಡ ತೋಪಿನ ನಳಿಗೆ ಒಂದೊಂದೂ 21 ಮೀಟರ್, ಅದು 1/700ರಲ್ಲಿ 3 ಸೆಂಟಿಮೀಟರ್. "ಹಂಗಾದ್ರೆ ಹಡಗು ಎಷ್ಟಾಗ್ತದ ಮಾಮಾ?" ಅಂದ. 263 ಮೀಟರಿನ ಹಡಗು, ಮೂವತ್ತೇಳೂವರೆ ಸೆಂಟಿಮೀಟರ್. ಅದು ಶೋಕೇಸಿನಲ್ಲಿ ಆರಾಮಾಗಿ ಕೂಡುತ್ತದೆ.

ನಾನು 1/700ಕ್ಕೆ ಬಂದಿದ್ದು ಹೀಗೆ. 1971ರಲ್ಲಿ ಜಪಾನಿನ ತಾಮಿಯಾ, ಹಾಸೆಗಾವಾ, ಅಯೋಶಿಮಾ, ಫುಜಿಮಿ ಈ ನಾಲ್ಕು ಕಂಪನಿಗಳು ಹಡಗುಗಳನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡು ಈ ಸ್ಕೇಲಿನಲ್ಲಿ ವಾಟರ್‌ಲೈನ್ ಸರಣಿ ಶುರು ಮಾಡಿದವು. ವಾಟರ್‌ಲೈನ್ ಅಂದ್ರೆ ನೀರಿನ ಮೇಲಿನ ಭಾಗ ಮಾತ್ರ, ತಳ ಚಪ್ಪಟೆ. ಕಡಲಿನಲ್ಲಿ ತೇಲುತ್ತಿರುವ ಹಾಗೆ ಕಾಣುತ್ತದೆ, ಸ್ಟ್ಯಾಂಡ್ ಬೇಕಾಗಲ್ಲ. ಆದರೆ ತಳ ನಿಜಕ್ಕೂ ಸಪಾಟಾಗಿ ಇರಬೇಕು. ಉದ್ದನೆಯ ಒಡಲು ಡಬ್ಬಿಯಿಂದಲೇ ಒಂದಿಷ್ಟು ಬಾಗಿ ಬರೋದುಂಟು. ನಾನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಶಹಾಬಾದಿ ಫರ್ಸಿಯ ಮೇಲೆ ಒತ್ತಿ ಆರಲು ಬಿಡುತ್ತೇನೆ. ಪಾಲಿಶ್ ಮಾಡಿದ ಆ ಕಲ್ಲಿನ ಒಂದು ತುಂಡು ನನ್ನ ಮೇಜಿನ ಮೇಲೆ ಯಾವಾಗಲೂ ಇರುತ್ತದೆ. ಅದರ ಮೇಲೆ ಪಾಲಿಶ್ ಪೇಪರ್ ಅಂಟಿಸಿ ಒಡಲನ್ನು ಉಜ್ಜಿದರೆ ತಳ ಕನ್ನಡಿಯ ಹಾಗೆ ಸಮ ಆಗುತ್ತದೆ. ದುಡ್ಡು ಕೊಟ್ಟು ತಂದ ಯಾವ ಸಾಮಾನೂ ನನಗೆ ಈ ಕಲ್ಲಿನಷ್ಟು ಉಪಯೋಗಕ್ಕೆ ಬಂದಿಲ್ಲ.

ನಾನು ಪೂರ್ತಿ ಮುಗಿಸಿದ ಮೊದಲ ಹಡಗು ಅಮೆರಿಕದ ಫ್ಲೆಚರ್ ವರ್ಗದ (ಒಂದೇ ನಕ್ಷೆಯಲ್ಲಿ ಕಟ್ಟಿದ ಹಡಗುಗಳಿಗೆ ವರ್ಗ ಅಂತಾರೆ) ಡಿಸ್ಟ್ರಾಯರ್, ಅಂದ್ರೆ ಚಿಕ್ಕ, ವೇಗದ ಯುದ್ಧನೌಕೆ, ತಾಮಿಯಾದ್ದು, ಹದಿನಾರೂವರೆ ಸೆಂಟಿಮೀಟರ್. ಆ ವರ್ಗದಲ್ಲಿ 175 ಹಡಗು ಕಟ್ಟಿದ್ದರು, ಹಾಗಾಗಿ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಭಾಗಗಳು ಕಮ್ಮಿ, ಕೂಡುವುದು ಸರಿಯಾಗಿ ಕೂಡುತ್ತವೆ, ಕೆಲವು ಭಾನುವಾರಗಳಲ್ಲಿ ಮುಗಿಯುತ್ತದೆ. ಬೇರೆಯಾಗಿ ಕೊಳ್ಳುವ ಹಿತ್ತಾಳೆ ಹಾಳೆಯ ರೇಲಿಂಗು, ಮರದ ಡೆಕ್ಕು ಇವನ್ನೆಲ್ಲ ಮೂರನೆಯ ಹಡಗಿನವರೆಗೆ ಮುಟ್ಟಬೇಡಿ.

ಇನ್ನು ಸಿಗುವುದು ಎಲ್ಲಿ? ನಮ್ಮೂರಲ್ಲಿ ನನಗೆ ಸಿಕ್ಕಿಲ್ಲ. ಸೂಪರ್ ಮಾರ್ಕೆಟ್‌ನ ಆಟಿಕೆ ಅಂಗಡಿಗಳಲ್ಲಿ ಕೇಳಿದರೆ ಬ್ಯಾಟರಿ ದೋಣಿ ತೋರಿಸುತ್ತಾರೆ. ಹೈದರಾಬಾದಿಗೆ ಹೋದಾಗ ಹುಡುಕುತ್ತೇನೆ, ಆದರೆ ಅಲ್ಲೂ ವಿಮಾನ, ಟ್ಯಾಂಕುಗಳೇ ಜಾಸ್ತಿ, ಹಡಗು ಎರಡೋ ಮೂರೋ. ಬಣ್ಣ ಮತ್ತು ಅಂಟನ್ನು ಮಾತ್ರ ಅಲ್ಲಿಂದಲೇ ಕೈಯಲ್ಲಿ ತರುತ್ತೇನೆ, ಬೆಂಕಿ ಹತ್ತುವ ಸಾಮಾನನ್ನು ವಿಮಾನದ ಅಂಚೆಯಲ್ಲಿ ಕಳಿಸಲ್ಲ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ ಮೇಲೆ ನಮ್ಮ ದೇಶದ ಅಂಗಡಿಗಳಲ್ಲೂ ಹೊರಗಿನ ಕಿಟ್ ದುಬಾರಿ. ಹಾಗಾಗಿ ಡಬ್ಬಿಯ ಬೆಲೆ, ಸಾಗಾಟ, ಸುಂಕ ಮೂರನ್ನೂ ಕೂಡಿಸಿದ ಮೇಲೆಯೇ ಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕು.

ಬೀದರಿನಲ್ಲಿ ಒಬ್ಬ ದೋಸ್ತ ಇದ್ದಾನೆ. ಅವನ ಮನೆಯ ಮೇಲೆ ವಾಯುಪಡೆಯ ಹಾಕ್ ವಿಮಾನಗಳು ಹಾರುತ್ತವೆ, ಅವನು ಮಾಡುವುದೂ ವಿಮಾನವೇ. ಹೊರದೇಶದಿಂದ ತರಿಸುವಾಗ ಇಬ್ಬರದೂ ಒಂದೇ ಪಾರ್ಸೆಲ್, ಸಾಗಾಟದ ಖರ್ಚು ಅರ್ಧರ್ಧ. ಆಮೇಲೆ ಹುಮನಾಬಾದಿನಲ್ಲಿ ಭೇಟಿಯಾಗಿ ಚಹಾ ಕುಡಿದು ಹಂಚಿಕೊಳ್ಳುತ್ತೇವೆ.

ಹಳೆಯ ಕಿಟ್‌ಗಳನ್ನು ಬೇರೆಯವರ ಕೈಯಿಂದ ಕೊಳ್ಳುವಾಗ ಒಮ್ಮೆ ಪೆಟ್ಟು ತಿಂದೆ. ದೂರದ ಊರಿನ ಒಬ್ಬರು ಪೂರ್ತಿ ಇದೆ ಅಂತ ಕಳಿಸಿದ ಡಬ್ಬಿಯಲ್ಲಿ ತೋಪುಗಳ ಸ್ಪ್ರೂನೇ ಇರಲಿಲ್ಲ. ಭಾಗಗಳೆಲ್ಲ ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿಗೆ ಸ್ಪ್ರೂ ಅಂತಾರೆ, ಒಂದೊಂದಕ್ಕೂ ಎ, ಬಿ, ಸಿ ಅಂತ ಅಕ್ಷರ ಇರುತ್ತದೆ. ಈಗ ನಾನು ದುಡ್ಡು ಕಳಿಸುವ ಮೊದಲು ಅವನ್ನೆಲ್ಲ ನೆಲದ ಮೇಲೆ ಹರಡಿ ಫೋಟೋ ತೆಗೆದು ಕಳಿಸಿ ಅನ್ನುತ್ತೇನೆ, ಜೊತೆಗೆ ಸೂಚನೆ ಹಾಳೆಯ ಮೊದಲ ಪುಟದ್ದೂ. ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರೆ ಸಾಕು.

ಇನ್ನೊಂದು ಮುಖ್ಯ ವಿಷಯ ಅಚ್ಚಿನ, ಅಂದ್ರೆ ಪ್ಲಾಸ್ಟಿಕ್ ಭಾಗಗಳನ್ನು ಎರಕ ಹೊಯ್ಯುವ ಅಚ್ಚಿನ, ವಯಸ್ಸು. ಡಬ್ಬಿ ಹೊಸದಾದರೂ ಒಳಗಿನ ಅಚ್ಚು ನನಗಿಂತ ಹಳೆಯದಿರಬಹುದು. ಬ್ರಿಟನ್ನಿನ ಫ್ಲವರ್ ವರ್ಗದ ಕಾರ್ವೆಟ್ಟನ್ನು (ಕಾವಲಿಗೆ ಹೋಗುವ ಚಿಕ್ಕ ಯುದ್ಧನೌಕೆ) 1/72ರಲ್ಲಿ 1979ರಲ್ಲಿ ಮ್ಯಾಚ್‌ಬಾಕ್ಸ್ ತಂದಿತು, ಮುಂದೆ ಅದೇ ಅಚ್ಚು ರೆವೆಲ್ ಡಬ್ಬಿಯಲ್ಲಿ ಬಂತು. ಅದು ಕೆಟ್ಟದ್ದಲ್ಲ, ಒಳ್ಳೆಯ ಕಿಟ್ಟೇ (87 ಸೆಂಟಿಮೀಟರ್, ಅಳತೆ ನೆನಪಿರಲಿ). ಆದರೆ ಹಳೆಯ ಅಚ್ಚು ಅಂದ್ರೆ ಅಂಚಿನಲ್ಲಿ ಹೆಚ್ಚುವರಿ ಪ್ಲಾಸ್ಟಿಕ್, ದಪ್ಪ ತೋಪು, ಕೆರೆಯೋ ಕೆಲಸ ಇವೆಲ್ಲ ಇರುತ್ತವೆ ಅಂತ ಗೊತ್ತಿದ್ದು ಕೊಳ್ಳಬೇಕು. ಕಂಪನಿ ಹೆಸರಿಗಿಂತ ಅಚ್ಚು ಮೊದಲು ಬಂದ ವರ್ಷವನ್ನು ನಾನು ಜಾಸ್ತಿ ನಂಬುತ್ತೇನೆ.

ಕಿಟ್ ಯಾವ ವರ್ಷದ ಹಡಗನ್ನು ತೋರಿಸುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಯುದ್ಧದಲ್ಲಿ ಹಡಗುಗಳ ರೂಪ ಬದಲಾಗುತ್ತಲೇ ಇತ್ತು. ಯಮಾಟೊದ ಎರಡೂ ಬದಿಯಲ್ಲಿದ್ದ 155 ಮಿಲಿಮೀಟರ್ ತೋಪುಗೋಪುರಗಳನ್ನು 1944ರಲ್ಲಿ ಕಿತ್ತು, ವಿಮಾನ ಹೊಡೆಯುವ ತೋಪುಗಳನ್ನು ತುಂಬಿದರು. ಅಂದ್ರೆ 1941ರ ಯಮಾಟೊ ಬೇರೆ, 1945ರ ಏಪ್ರಿಲ್ 7ರಂದು ಮುಳುಗಿದ ಯಮಾಟೊ ಬೇರೆ.

ನನಗೆ ಇದು ನಿಜವಾಗಿ ಅರ್ಥವಾಗಿದ್ದು ಐಎನ್ಎಸ್ ಮೈಸೂರು ಹುಡುಕಲು ಹೋದಾಗ. 1956ರ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಹತ್ತು ತಿಂಗಳು ತುಂಬುವುದರೊಳಗೆ, 1957ರ ಆಗಸ್ಟಿನಲ್ಲಿ, ಆ ಹೆಸರಿನ ಹಡಗು ನಮ್ಮ ನೌಕಾಪಡೆಗೆ ಬಂತು. ಲಾಂಛನದಲ್ಲಿ ಗಂಡಭೇರುಂಡ. ಅದು ಹೊಸ ಹಡಗಲ್ಲ, ಎರಡನೇ ಮಹಾಯುದ್ಧದಲ್ಲಿದ್ದ ಬ್ರಿಟನ್ನಿನ ಎಚ್‌ಎಂಎಸ್ ನೈಜೀರಿಯಾ. 1942ರ ಆಗಸ್ಟಿನಲ್ಲಿ ಮಾಲ್ಟಾಕ್ಕೆ ಸಾಮಾನು ಹೊತ್ತ ಹಡಗುಗಳನ್ನು ಕಾಯುತ್ತಾ ಹೋಗುವಾಗ ಇಟಲಿಯ ಸಬ್‌ಮರೀನ್ ಹೊಡೆದ ಟಾರ್ಪಿಡೊ ತಿಂದು ಬದುಕಿದ್ದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಿಂಗಳುಗಟ್ಟಲೆ ಹುಡುಕಿದೆ, ನನ್ನ ಕೈಗೆಟುಕುವ ಬೆಲೆಯಲ್ಲಿ ಪ್ಲಾಸ್ಟಿಕ್ ಕಿಟ್ ಸಿಗಲಿಲ್ಲ.

ಹುಡುಕುತ್ತಾ ಸಿಕ್ಕಿದ್ದು ಅದರ ಜೊತೆಗಾರ ಐಎನ್ಎಸ್ ಡೆಲ್ಲಿಯ ದಾರಿ. ಅದರ ಮೊದಲಿನ ಹೆಸರು ಅಕಿಲೀಸ್. 1939ರ ಡಿಸೆಂಬರ್ 13ರಂದು ರಿವರ್ ಪ್ಲೇಟ್ ಕದನದಲ್ಲಿ ಏಜಾಕ್ಸ್, ಎಕ್ಸೆಟರ್ ಜೊತೆ ಸೇರಿ ಜರ್ಮನಿಯ ಗ್ರಾಫ್ ಸ್ಪೀ ಮೇಲೆ ಬಿದ್ದ ಹಡಗು, 1948ರಲ್ಲಿ ನಮ್ಮದಾಯಿತು, 1961ರಲ್ಲಿ ಗೋವಾ ಬಿಡುಗಡೆಯಲ್ಲೂ ಇತ್ತು. ಏಜಾಕ್ಸ್ ಅದರ ಒಡಹುಟ್ಟಿದ್ದು, ಅಂದ್ರೆ ಅದೇ ವರ್ಗದ್ದು, ಏರ್‌ಫಿಕ್ಸ್‌ನ 1/600 ಕಿಟ್ ಹಳೆಯದು, 28 ಸೆಂಟಿಮೀಟರ್, ಬೆಲೆಯೂ ತಡೆಯಬಹುದಾದ್ದು. ಅದನ್ನೇ ಡೆಲ್ಲಿಯಾಗಿ ಮಾಡೋಣ ಅಂತ ತರಿಸಿದೆ.

ಹಿಂದಿನ ಎರಡು ತೋಪುಗೋಪುರಗಳಲ್ಲಿ ಎತ್ತರದಲ್ಲಿರುವುದನ್ನು ನಾನು ಅಂಟಿಸಲೇ ಇಲ್ಲ. 1943ರ ಜನವರಿ 5ರಂದು ಗ್ವಾಡಲ್‌ಕೆನಾಲ್ ಬಳಿ ಅಕಿಲೀಸ್‌ನ ಆ ಗೋಪುರದ ಮೇಲೆ ಬಾಂಬು ಬಿತ್ತು, ರಿಪೇರಿಯಲ್ಲಿ ಅದನ್ನು ತೆಗೆದೇ ಬಿಟ್ಟರು. ಹಾಗಾಗಿ ನಮಗೆ ಬಂದಾಗ ಎಂಟರ ಬದಲು ಆರು ದೊಡ್ಡ ತೋಪು. ವಿಮಾನ ಹಾರಿಸುವ ಕ್ಯಾಟಪಲ್ಟನ್ನೂ ಬಿಟ್ಟೆ. ಸ್ಪ್ರೂ ತುಂಡನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದು ಡೆಲ್ಲಿಗಿದ್ದಂಥ ಮೂರು ಕಾಲಿನ ಕಂಬಗಳನ್ನು ಮಾಡಿದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಬಣ್ಣ ಹಚ್ಚಬೇಡಿ, ನಮ್ಮ ಬಿಸಿಲಿಗೆ ಕುಂಚದಲ್ಲೇ ಒಣಗುತ್ತದೆ. ನಾನು ಬೆಳಗಿನ ಆರಕ್ಕೆ ಕೂಡುತ್ತಿದ್ದೆ.

ಮೈಸೂರಿನ ಹುಡುಕಾಟ ಬಿಟ್ಟಿಲ್ಲ. ನೈಜೀರಿಯಾ ಕಟ್ಟಿದಾಗ ಹನ್ನೆರಡು ತೋಪು, ಮೈಸೂರಿನಲ್ಲಿ ಒಂಬತ್ತು, ಅಲ್ಲೂ ಹಿಂದಿನದೊಂದು ಗೋಪುರ ಕಮ್ಮಿ ಮಾಡಬೇಕು. 1/700ರಲ್ಲಿ 24 ಸೆಂಟಿಮೀಟರ್ ಬರುತ್ತದೆ. ಈ ಸಲ ಟೇಪು ಹಿಡಿದು ನೋಡಿದ್ದೇನೆ, ಡೆಲ್ಲಿಯ ಪಕ್ಕದಲ್ಲಿ ಜಾಗ ಇದೆ.