ಸುತ್ತಿಗೆಯ ತಲೆ ಹಾರದಂತೆ ಬೆಣೆ ಹೊಡೆಯುವುದು ಹೇಗೆ?

ಮುಂಬೈಯಲ್ಲಿದ್ದರೆ ಜುಲೈನಲ್ಲಿ ಸುತ್ತಿಗೆಗೋ ಕೊಡಲಿಗೋ ಹೊಸ ಕಾವು (ಮರದ ಹಿಡಿ) ಹಾಕಬೇಡಿ. ಮಳೆಗಾಲದ ತೇವಕ್ಕೆ ಮರ ಉಬ್ಬಿರುತ್ತದೆ, ಬಿಗಿಯಾಗಿ ಕೂತಂತೆ ಕಾಣುತ್ತದೆ, ಜನವರಿ ಹೊತ್ತಿಗೆ ಒಣಗಿ ಸಡಿಲವಾಗುತ್ತದೆ. ನಮ್ಮ ಡೊಂಬಿವಲಿ ಮನೆಯಲ್ಲಿ ಹೀಗೇ ಆಯಿತು. ಮೊಳೆ ಹೊಡೆಯುವಾಗ ತಲೆ ಕಳಚಿಕೊಂಡು, ಸ್ಟೂಲ್ ಹಿಡಿದು ನಿಂತಿದ್ದ ಮಗಳ ಕಿವಿಯ ಪಕ್ಕದಲ್ಲೇ ಹಾದು ಬೀರುವಿಗೆ ಬಡಿಯಿತು. ಆ ತಗ್ಗು ನೋಡಿದಾಗೆಲ್ಲ ಈಗಲೂ ಎದೆ ಝಲ್ಲೆನ್ನುತ್ತದೆ.

ಮೊದಲು ಕಾವು. ಹಾರ್ಡ್‌ವೇರ್ ಅಂಗಡಿಗಳಿರುವ ನಾಗದೇವಿ ಸ್ಟ್ರೀಟಿನ ಕಡೆ ಹೋದರೆ ಮರಾಠಿಯಲ್ಲಿ ಕಾವಿಗೆ ‘ದಾಂಡಾ’, ಬೆಣೆಗೆ ‘ಪಾಚರ್’ ಅಂತ ಕೇಳಿ. ಕಾವಿನ ತುದಿ ನೋಡಿ, ಮರದ ಎಳೆ ಕೊಡಲಿಯ ಅಲಗಿನ ದಿಕ್ಕಿಗೇ ಇರಬೇಕು. ಅಡ್ಡ ಇದ್ದರೆ ಬೇಗ ಮುರಿಯುತ್ತದೆ. ತಂದ ಮೇಲೆ ಒಣ ಜಾಗದಲ್ಲಿ ಕೆಲವು ವಾರ ಬಿಡಿ.

ಆಮೇಲೆ ಕಾವಿನ ತುದಿಯ ನಡುವೆ, ತಲೆಯ ತೂತಿನ ಉದ್ದದ ದಿಕ್ಕಿಗೆ, ಗರಗಸದಿಂದ ಸೀಳು ಹಾಕಿ. ತೂತಿನ ಆಳದ ಮೂರನೇ ಎರಡು ಭಾಗದಷ್ಟು ಸಾಕು. ಈಗ ತಲೆಯೊಳಗೆ ತೂರಿಸಿ, ಹೊರಗೆ ತೆಗೆದು ನೋಡಿ: ಕಬ್ಬಿಣ ಉಜ್ಜಿದ ಕಡೆ ಕಪ್ಪು ಗುರುತು ಬಿದ್ದಿರುತ್ತದೆ. ಅಲ್ಲಿ ಮಾತ್ರ ಅರದಿಂದ ಉಜ್ಜಿ. ಅವಸರ ಮಾಡಿ ಜಾಸ್ತಿ ಉಜ್ಜಿದರೆ ಕಾವು ಹಾಳು.

ಸರಿಯಾಗಿ ಕೂರುವಂತಾದಾಗ ತಲೆ ಕೆಳಗೆ ಬರುವಂತೆ ಗಾಳಿಯಲ್ಲೇ ತೂಗಿ ಹಿಡಿದು, ಕಾವಿನ ಬುಡಕ್ಕೆ ಕೊಡತಿಯಿಂದ ಹೊಡೆಯಿರಿ. ನೆಲಕ್ಕೆ ಕುಟ್ಟಬೇಡಿ. ಭಾರದ ಕಬ್ಬಿಣ ನಿಂತಲ್ಲೇ ನಿಲ್ಲುತ್ತದೆ, ಕಾವು ಒಳಗೆ ನುಗ್ಗುತ್ತದೆ. ತುದಿ 4-5 ಮಿ.ಮೀ. ಆಚೆ ಬರಲಿ.

ಈಗ ಬೆಣೆ. ಒಣಗಿದ ಗಟ್ಟಿ ಮರದ್ದು, ಸೀಳಿನಷ್ಟೇ ಅಗಲ, ತೆಳ್ಳಗೆ ಇಳಿಜಾರು. ದಪ್ಪ ಬೆಣೆ ಒಂದೆರಡು ಏಟಿಗೇ ವಾಪಸ್ ಚಿಮ್ಮುತ್ತದೆ. ಮೆಲ್ಲಗೆ ಹೊಡೆಯುತ್ತಾ ಹೋದರೆ ಟೊಕ್ ಟೊಕ್ ಸದ್ದು ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಅಲ್ಲೇ ನಿಲ್ಲಿಸಿ. ತೂತು ಮೇಲುಗಡೆ ಸ್ವಲ್ಪ ಅಗಲ ಇರುತ್ತದಲ್ವಾ, ಬೆಣೆ ಮರವನ್ನು ಅಲ್ಲಿಗೆ ಹರಡುತ್ತದೆ, ಅದಕ್ಕೇ ತಲೆ ಮೇಲಕ್ಕೆ ಜಾರಲಾರದು. ಕಬ್ಬಿಣದ ಬೆಣೆ ಬೇಕೆನಿಸಿದರೆ ಮರದ ಬೆಣೆಗೆ ಓರೆಯಾಗಿ ಒಂದು ಹಾಕಿ. ಸಿಕ್ಕ ಮೊಳೆ ಬಡಿಯಬೇಡಿ, ಮರ ಸೀಳುತ್ತದೆ. (ಪಿಕಾಸಿಗೆ ಬೆಣೆ ಬೇಡ, ಅದರ ಕಾವು ಮೇಲಿನಿಂದ ಇಳಿಯುತ್ತದೆ.)

ಸಡಿಲವಾದಾಗ ಬಕೆಟ್ ನೀರಿನಲ್ಲಿ ನೆನೆಹಾಕುವವರು ತುಂಬಾ ಜನ. ಎರಡು ದಿನ ಬಿಗಿ ಅನಿಸುತ್ತದೆ. ಆದರೆ ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗಿರುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಬದಲಿಗೆ ತುದಿಗೆ ಅಗಸೆ ಎಣ್ಣೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬೇಡಿ, ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಿಡಿಸಿ ಒಣಹಾಕಿ.