ಏಳರ ಹಿಂದೆ ಅಡಗಿಕೊಂಡಿದ್ದೆ

ನನ್ನ ಸಿನಿಮಾ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹದಿನಾರು ಹೆಸರುಗಳಿವೆ. ಅದರಲ್ಲಿ ಹನ್ನೊಂದರ ಮುಂದೆ 7 ಅಂತ ಬರೆದಿದ್ದೇನೆ. ಮಿಕ್ಕಿದ್ದರಲ್ಲಿ ಮೂರು 8, ಒಂದು 6, ಒಂದು 9. ಹತ್ತಕ್ಕೆ ಅಂಕ ಕೊಡುತ್ತೇನೆ ಅಂತ ಹೊರಟವನು ಬಳಸಿದ್ದು ನಾಲ್ಕೇ ನಾಲ್ಕು ಅಂಕ. ಆ ಹನ್ನೊಂದರಲ್ಲಿ ಐದರ ಹೆಸರು ಓದಿದರೆ ಈಗ ಒಂದು ಮುಖ, ಒಂದು ಮಾತು ಕೂಡ ನೆನಪಿಗೆ ಬರುವುದಿಲ್ಲ.

ನಾನು ವಿಮರ್ಶಕನಲ್ಲ. ಕೆಲಸ ಮುಗಿಸಿ ವಾರಕ್ಕೆ ಒಂದೋ ಎರಡೋ ಸಿನಿಮಾ ನೋಡಿ, ಚೆನ್ನಾಗಿದ್ದರೆ ನಾಲ್ಕು ಜನಕ್ಕೆ ಹೇಳಿ, ಮಲಗುವವನು. ಬರೆದಿಡಲು ಶುರು ಮಾಡಿದ್ದಕ್ಕೆ ಕಾರಣವೂ ದೊಡ್ಡದೇನಲ್ಲ. ಒಂದು ರಾತ್ರಿ ಓಟಿಟಿಯಲ್ಲಿ ಯಾವುದೋ ಥ್ರಿಲ್ಲರ್ ಹಾಕಿಕೊಂಡು ನಲವತ್ತು ನಿಮಿಷ ನೋಡಿದ ಮೇಲೆ, ಕೊಲೆಗಾರ ಯಾರು ಅಂತ ನನಗೆ ಮೊದಲೇ ಗೊತ್ತಿದೆ ಅನ್ನಿಸಿತು. ನನ್ನ ಬುದ್ಧಿ ಚುರುಕಾಗಿದೆ ಅಂತ ಎರಡು ನಿಮಿಷ ಬೀಗಿದೆ. ಆಮೇಲೆ ನೋಡಿದರೆ, ಹಿಂದಿನ ವರ್ಷ ಅದನ್ನು ಪೂರ್ತಿ ನೋಡಿಯೇ ಮಲಗಿದ್ದೆ!

ಏಳರ ವಿಷಯಕ್ಕೆ ಬರುತ್ತೇನೆ. ನನ್ನ ಪಾಲಿಗೆ ಏಳು ಅಂದರೆ 'ಬೈಯಲು ಮನಸ್ಸಿಲ್ಲ, ಹೊಗಳಲು ಕಾರಣ ಸಿಗಲಿಲ್ಲ' ಅಂತ. ಆರು ಕೊಟ್ಟರೆ ಪಾಪ ಅನ್ನಿಸುತ್ತಿತ್ತು, ಎಂಟು ಕೊಟ್ಟರೆ ಯಾಕೆ ಅಂತ ನನಗೆ ನಾನೇ ಜವಾಬು ಹೇಳಬೇಕಿತ್ತು. ಏಳಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. 'ಒನ್ ಟೈಮ್ ವಾಚ್', 'ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್' ಅಂತೆಲ್ಲ ನಾವು ಹೇಳುವ ಮಾತುಗಳೂ ಇದೇ ಜಾತಿಯವು. ಕೇಳಿದವರಿಗೆ ಉತ್ತರ ಸಿಕ್ಕ ಹಾಗೆ ಆಗುತ್ತದೆ, ಆದರೆ ಸಿಕ್ಕಿರುವುದಿಲ್ಲ.

ಇನ್ನು ಆ ಪುಟದ ಏಕೈಕ 9. ಅದರಿಂದ ನನಗೆ ಮರ್ಯಾದೆ ಹೋಯಿತು. ಅಪ್ಪ ಮಗನ ಕಥೆ, ಕೊನೆಯ ಹತ್ತು ನಿಮಿಷ ಗಂಟಲು ಕಟ್ಟಿಸುವಂಥದ್ದು. ಲೈಟ್ ಹಾಕುವ ಮೊದಲೇ 9 ಬರೆದು, ತಂಗಿಗೆ ಫೋನ್ ಮಾಡಿ ಇವತ್ತೇ ನೋಡು ಅಂತ ಗಂಟುಬಿದ್ದೆ. ಎರಡು ದಿನ ಬಿಟ್ಟು ಅವಳು ಕೇಳಿದ್ದು ಒಂದೇ ಪ್ರಶ್ನೆ: "ಮಧ್ಯದ ಒಂದು ಗಂಟೆ ನೀನು ಎಚ್ಚರವಾಗಿದ್ದೆಯಾ?" ಕೋಪ ಬಂತು. ಹಟಕ್ಕೆ ಬಿದ್ದು ಮತ್ತೆ ನೋಡಿದೆ. ಅವಳು ಹೇಳಿದ್ದು ಸರಿ. ಆ ಒಂದು ಗಂಟೆಯಲ್ಲಿ ಮಗ ಊರೂರು ಅಲೆಯುತ್ತಾನೆ, ಹಿನ್ನೆಲೆಯಲ್ಲಿ ಪಿಟೀಲು ಅಳುತ್ತದೆ, ಅಷ್ಟೇ. ಮೊದಲ ಸಲ ನೋಡುವಾಗಲೂ ನನಗೆ ಬೇಸರವಾಗಿರಲೇಬೇಕು. ಕೊನೆಯ ಹತ್ತು ನಿಮಿಷ ಅದನ್ನೆಲ್ಲ ಒರೆಸಿ ಹಾಕಿತ್ತು.

ಇದು ನನ್ನೊಬ್ಬನ ದಡ್ಡತನ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಜನ ಒಂದು ಸಲ 14 ಡಿಗ್ರಿ ತಣ್ಣೀರಿನಲ್ಲಿ ಒಂದು ನಿಮಿಷ ಕೈ ಅದ್ದಿಟ್ಟರು. ಇನ್ನೊಂದು ಸಲ ಅದೇ ಒಂದು ನಿಮಿಷ, ಅದರ ಜೊತೆ ಇನ್ನೂ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ನೀರು ನಿಧಾನಕ್ಕೆ ಒಂದೇ ಒಂದು ಡಿಗ್ರಿ ಬೆಚ್ಚಗಾಗುತ್ತಿತ್ತು. ಯಾವುದನ್ನು ಮತ್ತೆ ಮಾಡುತ್ತೀರಿ ಅಂದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ನೋವು ಎಷ್ಟು ಹೊತ್ತು ಇತ್ತು ಅನ್ನುವುದಕ್ಕಿಂತ ಅದು ಅತಿ ಜೋರಾಗಿದ್ದ ಗಳಿಗೆ ಮತ್ತು ಅದರ ಕೊನೆ ಮನಸ್ಸಿನಲ್ಲಿ ಉಳಿಯುತ್ತವೆ ಅಂತ ಅವರ ವಾದ. ನನ್ನ 9 ಕೂಡ ಆ ಒಂದು ಡಿಗ್ರಿ ಬಿಸಿಯೇ ಇರಬೇಕು.

ಅಂದಿನಿಂದ ಒಂದು ಸಿನಿಮಾಗೆ ಎರಡು ಸಾಲು ಬರೆಯುವ ರೂಢಿ ಮಾಡಿಕೊಂಡೆ. ಮೊದಲನೆಯದು ನೋಡಿದ ರಾತ್ರಿ, ಎರಡನೆಯದು ಏಳನೇ ದಿನ, ಮೊದಲನೆಯದರ ಮೇಲೆ ಕೈ ಮುಚ್ಚಿಕೊಂಡು. ಒಂದು ನಮೂದನ್ನು ಇದ್ದ ಹಾಗೆಯೇ ಇಳಿಸುತ್ತೇನೆ:

"ರಾತ್ರಿ: ಫೈಟ್‌ಗಳು ಬೆಂಕಿ. ಬಿಜಿಎಂಗೆ ರೋಮಾಂಚನ. ಹೀರೋ ಎಂಟ್ರಿಯಲ್ಲಿ ಪಕ್ಕದವನ ಜೊತೆ ನಾನೂ ಕೂಗಿದೆ. 8."

"ಏಳನೇ ದಿನ: ವಿಲನ್‌ಗೆ ಹೀರೋ ಮೇಲೆ ದ್ವೇಷ ಯಾಕೆ? ನೆನಪಿಲ್ಲ. ಹೀರೋ ತಾಯಿ ಬದುಕಿದಳಾ? ಗೊತ್ತಿಲ್ಲ. ಕೂಗಿದ್ದು ಮಾತ್ರ ನೆನಪಿದೆ. 5."

ಹಾಗಂತ ಏಳನೇ ದಿನದ 5 ನಿಜ, ರಾತ್ರಿಯ 8 ಸುಳ್ಳು ಅಂತ ನಾನು ಹೇಳಲಾರೆ. ಕೂಗಿದ್ದು ನಿಜವೇ. ತುಂಬಿದ ಥಿಯೇಟರ್‌ನಲ್ಲಿ ನೋಡುವವರಿಗೆ ಅದು 8, ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ನೋಡುವವರಿಗೆ 5. ಎರಡನ್ನೂ ಕೂಡಿಸಿ ಸರಾಸರಿ ಆರೂವರೆ ಅಂತ ಬರೆದಿದ್ದರೆ ಮಾತ್ರ ಶುದ್ಧ ಸುಳ್ಳಾಗುತ್ತಿತ್ತು. ಹಾಗಾಗಿ ಈಗ ಎಲ್ಲಿ, ಯಾರ ಜೊತೆ, ಎಷ್ಟು ಸುಸ್ತಾಗಿದ್ದಾಗ ನೋಡಿದೆ ಅಂತಲೂ ಬರೆಯುತ್ತೇನೆ. ಹಲ್ಲುನೋವಿನಲ್ಲಿ ನೋಡಿದ ಒಂದು ಹಾಸ್ಯ ಚಿತ್ರಕ್ಕೆ 3 ಕೊಟ್ಟಿದ್ದೆ. ಅದು ಹಲ್ಲಿಗೆ ಕೊಟ್ಟ ಅಂಕ.

ನನ್ನ ಅಂಕವೇ ಇಷ್ಟು ಅಲ್ಲಾಡುತ್ತದೆ ಅಂತ ಗೊತ್ತಾದ ಮೇಲೆ ಬೇರೆಯವರ ಅಂಕ ಓದುವ ರೀತಿಯೂ ಬದಲಾಯಿತು. ಮೊದಲು ಪ್ರೇಕ್ಷಕರೇ ಅಂಕ ಕೊಡುವ ಐಎಂಡಿಬಿ ವೆಬ್‌ಸೈಟಿನಲ್ಲಿ 9 ಕಂಡರೆ ಸಾಕಿತ್ತು, ಕಣ್ಣು ಮುಚ್ಚಿ ಹಾಕಿಬಿಡುತ್ತಿದ್ದೆ. ಈಗ ಮೊದಲು ಎಷ್ಟು ಜನ ವೋಟು ಹಾಕಿದ್ದಾರೆ ಅಂತ ನೋಡುತ್ತೇನೆ. ಬಿಡುಗಡೆಯ ದಿನ ಮುನ್ನೂರು ಜನ ಸೇರಿ ಕೊಟ್ಟ 9.5 ಅಂದರೆ ಬಹುಪಾಲು ಅಭಿಮಾನಿಗಳು, ಚಿತ್ರತಂಡದವರ ನೆಂಟರಿಷ್ಟರು. ಐಎಂಡಿಬಿಯ ಟಾಪ್ 250 ಪಟ್ಟಿ ಇದಕ್ಕೇ ನೇರ ಸರಾಸರಿ ಬಳಸುವುದಿಲ್ಲ. ವೋಟು ಕಡಿಮೆ ಇರುವ ಚಿತ್ರದ ಅಂಕವನ್ನು ಎಲ್ಲ ಚಿತ್ರಗಳ ಒಟ್ಟು ಸರಾಸರಿಯ ಕಡೆಗೆ ಎಳೆಯುವ ಸೂತ್ರ ಅದರದ್ದು. ವೋಟು ಹೆಚ್ಚಿದ ಹಾಗೆ ಆ ಎಳೆತ ಸಡಿಲವಾಗುತ್ತದೆ. ನನಗೆ ಸೂತ್ರ ಹಾಕಲು ಪುರುಸೊತ್ತಿಲ್ಲ, ವೋಟು ಕಡಿಮೆ ಕಂಡರೆ ಮನಸ್ಸಿನಲ್ಲೇ ಎರಡು ಕಳೆಯುತ್ತೇನೆ.

ಆಮೇಲೆ ಅಂಕಗಳ ಹರವು ನೋಡುತ್ತೇನೆ. ಹತ್ತರ ಹತ್ತಿರ ಒಂದು ಗೋಪುರ, ಒಂದರ ಹತ್ತಿರ ಇನ್ನೊಂದು, ನಡುವೆ ಬಯಲು ಇದ್ದರೆ ಅದು ಅಭಿಪ್ರಾಯವಲ್ಲ, ಜಗಳ. ಅರ್ಧಕ್ಕರ್ಧ ಜನ ಸಿನಿಮಾ ನೋಡಿಯೇ ಇರುವುದಿಲ್ಲ ಅಂತ ನನ್ನ ಗುಮಾನಿ.

ವಿಮರ್ಶೆಗಳನ್ನು ಒಟ್ಟು ಹಾಕುವ ರಾಟನ್ ಟೊಮ್ಯಾಟೋಸ್ ವೆಬ್‌ಸೈಟಿನ ಶೇಕಡಾವನ್ನು ನಾನು ತುಂಬಾ ದಿನ ತಪ್ಪು ತಿಳಿದಿದ್ದೆ. 95 ಅಂದರೆ ನೂರಕ್ಕೆ ತೊಂಬತ್ತೈದು ಅಂಕದ ಸಿನಿಮಾ ಅಂತ ಅಂದುಕೊಂಡಿದ್ದೆ. ಅದು ಅಂಕವಲ್ಲ, ನೂರು ವಿಮರ್ಶಕರಲ್ಲಿ ಎಷ್ಟು ಜನ 'ಪರವಾಗಿಲ್ಲ'ದಿಂದ ಮೇಲಕ್ಕೆ ಹೇಳಿದರು ಅನ್ನುವ ತಲೆ ಎಣಿಕೆ. 60 ಮುಟ್ಟಿದರೆ ಕೆಂಪು ಟೊಮ್ಯಾಟೊ, ಅಂದರೆ ಪಾಸು. ಎಲ್ಲರೂ ತಣ್ಣಗೆ 'ಹ್ಞೂಂ' ಅಂದರೂ ಅಲ್ಲಿ 100 ಬರಬಹುದು. ಅರ್ಧ ಜನ ಹುಚ್ಚೆದ್ದು ಪ್ರೀತಿಸಿ ಇನ್ನರ್ಧ ಎದ್ದು ಹೋದ ಸಿನಿಮಾಗೆ 50. ನನಗೆ ಇಷ್ಟವಾಗುವುದು ಬಹುತೇಕ ಎರಡನೇ ಜಾತಿ ಅಂತ ನೋಟ್‌ಬುಕ್ಕೇ ಹೇಳಿಕೊಟ್ಟಿತು.

ಅಮೆರಿಕದಲ್ಲಿ ಸಿನಿಮಾಸ್ಕೋರ್ ಅನ್ನುವವರು 1979ರಿಂದ ಬಿಡುಗಡೆಯ ಹೊಸತರಲ್ಲಿ ಥಿಯೇಟರ್ ಬಾಗಿಲಲ್ಲೇ ನಿಂತು ಪ್ರೇಕ್ಷಕರಿಂದ ಎ ಪ್ಲಸ್‌ನಿಂದ ಎಫ್‌ವರೆಗೆ ಗ್ರೇಡ್ ಬರೆಸಿಕೊಳ್ಳುತ್ತಾರೆ. ಅಲ್ಲಿಗೆ ಬಂದವರೆಲ್ಲ ಆ ಚಿತ್ರ ಬೇಕು ಅಂತಲೇ ಬಂದವರು, ಹಾಗಾಗಿ ಬಿ ಬಂದರೂ ನಿರ್ಮಾಪಕರ ಮುಖ ಸಪ್ಪಗಾಗುತ್ತದೆ. ನನ್ನ ರಾತ್ರಿಯ ಸಾಲೂ ಅದೇ ಬಾಗಿಲಲ್ಲಿ ನಿಂತು ಬರೆದದ್ದು.

ಇನ್ನೊಂದು ಚಟ ಬಿಡಲು ಕಷ್ಟವಾಯಿತು. ತೂಕದ ವಿಷಯವಿದ್ದ ಸಿನಿಮಾಗಳಿಗೆ, ಅಂದರೆ ಯುದ್ಧ, ಜೈಲು, ಕಪ್ಪುಬಿಳುಪು ಇದ್ದರೆ, ನೋಡುವಾಗ ಎರಡು ಸಲ ಫೋನ್ ತೆಗೆದಿದ್ದರೂ 8 ಕೊಡುತ್ತಿದ್ದೆ. ಪ್ರಶಸ್ತಿ ಬಂದದ್ದು ಅಂತ ಗೊತ್ತಿದ್ದರೆ ಇನ್ನೂ ಅರ್ಧ ಸೇರುತ್ತಿತ್ತು. ಮೂರು ಸಲ ನೋಡಿ ನಕ್ಕ ಹಗುರ ಹಾಸ್ಯಕ್ಕೆ ಮಾತ್ರ 6. ನಮ್ಮಂಥವರು ಬಹಳ ಇದ್ದೇವೆ ಅನ್ನಿಸುತ್ತದೆ. ನೆಟ್‌ಫ್ಲಿಕ್ಸ್ 2017ರಲ್ಲಿ ಐದು ನಕ್ಷತ್ರ ತೆಗೆದು ಹೆಬ್ಬೆರಳು ಮೇಲೆ ಅಥವಾ ಕೆಳಗೆ ಅನ್ನುವ ಗುರುತು ತಂದಾಗ ಅವರು ಹೇಳಿದ ಕಾರಣಗಳಲ್ಲಿ ಇದೂ ಒಂದು: ಜನ ಗಂಭೀರ ಸಾಕ್ಷ್ಯಚಿತ್ರಕ್ಕೆ ನಕ್ಷತ್ರ ಹೆಚ್ಚು ಕೊಡುತ್ತಾರೆ, ರಾತ್ರಿ ಹಾಕಿಕೊಂಡು ನೋಡುವುದು ಬೇರೆಯದನ್ನು. ಈಗ ನನ್ನ ನೋಟ್‌ಬುಕ್ಕಿನಲ್ಲಿ 'ಫೋನ್ ಮುಟ್ಟಿದ್ದು' ಅಂತ ಒಂದು ಕಾಲಂ ಇದೆ, ಗೀಟು ಎಳೆದು ಲೆಕ್ಕ ಇಡುತ್ತೇನೆ. ಒಂದು ಮಹಾಕಾವ್ಯದಂಥ ಚಿತ್ರಕ್ಕೆ ಹದಿನಾಲ್ಕು ಗೀಟು ಬಿದ್ದಿವೆ. ಅದಕ್ಕೆ 8 ಕೊಡುವ ಮುಖ ನನಗಿಲ್ಲ.

ಕಡೆಗೆ ಹತ್ತರ ಲೆಕ್ಕವನ್ನೇ ಬಿಟ್ಟೆ. ಮೂರೇ ದರ್ಜೆ: ಮತ್ತೆ ನೋಡುತ್ತೇನೆ, ಇನ್ನೊಬ್ಬರಿಗೆ ಹೇಳುತ್ತೇನೆ, ನೋಡಿಯಾಯಿತು. ಪೂರ್ತಿ ನೋಡಲಾಗದಿದ್ದರೆ ಖಾಲಿ ಬಿಡುತ್ತೇನೆ. ಹೊಸದೇನೋ ಕಂಡುಹಿಡಿದೆ ಅಂತ ಖುಷಿಪಡುವಷ್ಟರಲ್ಲಿ ಓದಿದೆ, 1928ರಲ್ಲಿ ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಐರೀನ್ ಥಿರರ್ ಸಿನಿಮಾಗಳಿಗೆ ನಕ್ಷತ್ರ ಕೊಡಲು ಶುರು ಮಾಡಿದಾಗಲೂ ಇದ್ದದ್ದು ಮೂರೇ ನಕ್ಷತ್ರ, ತೀರಾ ಕೆಟ್ಟದ್ದಕ್ಕೆ ಒಂದೂ ಇಲ್ಲ.

ಮೊದಲ ಪುಟದಲ್ಲಿ ಒಂಟಿ 6 ಒಂದಿತ್ತಲ್ಲ, ಮೊನ್ನೆ ಶನಿವಾರ ಅದನ್ನು ಮತ್ತೆ ಹಾಕಿದೆ. ಮುದುಕಿಯೊಬ್ಬಳು ಮನೆ ಖಾಲಿ ಮಾಡುವ ಕಥೆ, ಹೆಚ್ಚು ಮಾತಿಲ್ಲ. ಅವಳು ಗೋಡೆಯ ಗಡಿಯಾರ ಇಳಿಸಿದಾಗ ಅದರ ಹಿಂದೆ ಬಣ್ಣ ಮಾಸದ ಒಂದು ದುಂಡು ಗುರುತು ಉಳಿಯುತ್ತದೆ, ಅವಳು ಅದನ್ನು ಸೆರಗಿನಿಂದ ಒರೆಸುತ್ತಾಳೆ. ಈ ದೃಶ್ಯ ಹಳೆಯ ನಮೂದಿನಲ್ಲಿ ಇಲ್ಲವೇ ಇಲ್ಲ. ಅಲ್ಲಿರುವುದು 'ನಿಧಾನ' ಎಂಬ ಒಂದೇ ಪದ. ಫೋನ್ ಕಾಲಂ ಈ ಸಲ ಖಾಲಿ. ತಂಗಿಗೆ ಇನ್ನೂ ಹೇಳಿಲ್ಲ, ಏಳನೇ ದಿನ ಬರಲಿ.